‘ಬೆಂಚಿಗೆ ಹಾಕು’ ಎಂಬ ಪದದ ಮರ್ಯಾದೆಯ ಕುರಿತು

ಇಂದ:
ಬೈಂಡಿಂಗ್ ವಿಭಾಗದ ಹಿರಿಯ ಬೈಂಡರ್,
ಮುದ್ರಣಾಲಯದ ಫುಟ್‌ಬಾಲ್ ತಂಡದ ಹನ್ನೆರಡನೆಯ ಆಟಗಾರ.

ಗೆ:
ತಂಡದ ನಾಯಕರು ಹಾಗೂ ಅರ್ಜಿದಾರನ ಹೆಂಡತಿಯ ತಮ್ಮ.

ವಿಷಯ: ಸದರಿ ಪದದ ಅರ್ಥವನ್ನು ಭಾನುವಾರದ ಮಟ್ಟಿಗಾದರೂ ಕಾಪಾಡಿಕೊಡುವ ಬಗ್ಗೆ.

ಉಲ್ಲೇಖ: ತಾವು ಫೋನಿನಲ್ಲಿ ಅಕ್ಕನಿಗೆ ಹೇಳಿದ ಮಾತು: “ಈ ಸಲಾನೂ ಭಾವನ್ನ ಬೆಂಚಿಗೆ ಹಾಕಿದೀನಿ ಕಣಕ್ಕ, ಬೇಜಾರು ಮಾಡ್ಕೋಬೇಡ.”

ಮಾನ್ಯರೇ,

೧. ಅರ್ಜಿದಾರನು ನಾಲ್ಕು ವರ್ಷಗಳಿಂದ ಬೂಟಿನ ದಾರ ಬಿಗಿದುಕೊಂಡು ಬೆಂಚಿನ ಮೇಲೆ ಕುಳಿತಿರುತ್ತಾನೆ. ಆಟ ಶುರುವಾಗುವ ಮುನ್ನ ಹನ್ನೊಂದು ಮಂದಿಯೂ ಗಡಿಯಾರ, ಉಂಗುರ, ಕನ್ನಡಕಗಳನ್ನು ಅವನ ಮಡಿಲಿಗೆ ಸುರಿದು ಹೋಗುತ್ತಾರೆ. ಈವರೆಗೆ ಒಂದು ಗುಂಡಿಯೂ ಕಳೆದಿಲ್ಲ. ಗೋಲ್‌ಕೀಪರನ ಕಟ್ಟಿಸಿದ ಹಲ್ಲನ್ನೂ ಕರವಸ್ತ್ರದಲ್ಲಿ ಸುತ್ತಿ ಜೋಪಾನ ಮಾಡಿದವನು ಇವನೇ.

೨. ಮೇಲ್ಕಂಡ ಫೋನ್ ಮಾತು ಎರಡನೇ ತರಗತಿಯ ಮಗಳ ಕಿವಿಗೆ ಬಿತ್ತು. ಹೊಸ ಪದವೊಂದಕ್ಕೆ ಅರ್ಥ ಮತ್ತು ಸ್ವಂತ ವಾಕ್ಯ ಬರೆದು ತರಲು ಶಾಲೆಯಲ್ಲಿ ಹೇಳಿದ್ದ ಕಾರಣ, “ಅಪ್ಪಾ, ಬೆಂಚಿಗೆ ಹಾಕೋದು ಅಂದ್ರೇನು?” ಎಂದಳು. ಆಟಕ್ಕೆ ಸಾಲದವನನ್ನು ಹೊರಗೆ ಕೂರಿಸುವುದು ಎನ್ನಲು ಅರ್ಜಿದಾರನಿಗೆ ಬಾಯಿ ಬರಲಿಲ್ಲ. “ತುಂಬಾ ನಂಬಿಕೆ ಇರೋರಿಗೆ ಕೊಡೋ ಕೆಲಸ ಕಣಮ್ಮ” ಎಂದುಬಿಟ್ಟನು.

೩. ಆದ್ದರಿಂದ ಅವಳು ಬರೆದಳು: ‘ನಮ್ಮ ಅಪ್ಪನನ್ನು ನಾಲ್ಕು ವರ್ಷದಿಂದ ಬೆಂಚಿಗೆ ಹಾಕಿದ್ದಾರೆ. ಮಾವನಿಗೆ ಆ ಕೆಲಸ ಇನ್ನೂ ಸಿಕ್ಕಿಲ್ಲ.’ ಟೀಚರ್ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದರು. ತರಗತಿ ಗೊಳ್ಳೆಂದು ನಕ್ಕಿತು. ಮಗಳು ಜಗ್ಗದೆ, “ಭಾನುವಾರ ನೀವೇ ಬಂದು ನೋಡಿ ಮಿಸ್” ಎಂದು ಸವಾಲು ಹಾಕಿ ಬಂದಿದ್ದಾಳೆ. ಟೀಚರ್ ಬರುತ್ತಿದ್ದಾರೆ.

೪. ನಗೆಪಾಟಲಾಗುವುದು ಅರ್ಜಿದಾರನಿಗೆ ರೂಢಿಯಾಗಿದೆ, ಆದರೆ ಅವಳಿಗೆ ಆಗಬಾರದು.

೫. ಹಾಗೆಂದು ತನ್ನನ್ನು ಆಡಿಸಿ ಎಂದು ಅರ್ಜಿದಾರನು ಕೇಳುತ್ತಿಲ್ಲ. ಒಮ್ಮೆ ಇಳಿಸಿದಾಗ ನಮ್ಮದೇ ಗೋಲಿಗೆ ಚೆಂಡು ಹೊಡೆದದ್ದು ತಮಗೂ ನೆನಪಿದೆ.

ಆದಕಾರಣ, ಪಂದ್ಯದ ನಡುವೆ ತಾವೇ ಐದು ನಿಮಿಷ ಹೊರಬಂದು, ಅರ್ಜಿದಾರನ ಪಕ್ಕ ಬೆಂಚಿನಲ್ಲಿ ಕುಳಿತು, ನಾಲ್ಕು ಗಡಿಯಾರಗಳನ್ನಾದರೂ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿ ವಿನಂತಿ. ಅಷ್ಟು ಹೊತ್ತು ತಂಡ ಹತ್ತೇ ಜನರಲ್ಲಿ ಆಡಿದರೂ, ಅರ್ಜಿದಾರನು ಇಳಿದರೆ ಆಗುವ ಅನಾಹುತಕ್ಕಿಂತ ನಷ್ಟ ಕಡಿಮೆಯೇ ಆದೀತು.

ತಮ್ಮ ಹಾಗೂ ತಮ್ಮೆಲ್ಲರ ಗಡಿಯಾರಗಳ ವಿಶ್ವಾಸಿ,
ಭಾವ

ಲಗತ್ತುಗಳು:
೧. ಮಗಳ ನೋಟ್‌ಬುಕ್ಕಿನ ಪುಟದ ನಕಲು.
೨. ಹೋದ ವಾರ ತಾವು ಮರೆತುಹೋದ ಮದುವೆಯ ಉಂಗುರ. ತಮ್ಮ ಮನೆಯವರಿಗೆ ತಿಳಿಸಿಲ್ಲ. ಅರ್ಜಿ ಮಂಜೂರಾಗದಿದ್ದರೂ ತಿಳಿಸುವುದಿಲ್ಲ.

ವಿ.ಸೂ.: ಮಗಳು ಓಡಿಬಂದು, “ಮಾವಾ, ನಿನ್ನನ್ನೂ ಬೆಂಚಿಗೆ ಹಾಕಿದ್ರಾ?” ಎಂದು ಕೇಳಿದಾಗ ದಯಮಾಡಿ ನಗಬಾರದು. “ಹೂಂ ಪುಟ್ಟಿ, ಕೊನೆಗೂ” ಎನ್ನಬೇಕು.