ನಿರ್ದೇಶಕರ ಕಿಣ್ವ

ಬೆಳಗ್ಗೆ ಹತ್ತಕ್ಕೆ ಜೀನ್ ಓದುವ ಯಂತ್ರ ತೀರ್ಪು ಕೊಟ್ಟಿತು: ಇದು ಮನುಷ್ಯನ ಜೀನ್.

ಅದು ಹಾವಿನದಾಗಬೇಕಿತ್ತು. ರಕ್ತದ ಹೆಪ್ಪು ಕರಗಿಸುವ ಕಿಣ್ವವೊಂದು ಹಾವಿನ ವಿಷದಲ್ಲಿದೆ. ಅದರ ಜೀನನ್ನು ಅಕ್ಷರ ಬಿಡದೆ ಓದಿ ಸಂಜೆಯೊಳಗೆ ಒಪ್ಪಿಸಿದರೆ ನಮ್ಮ ಸಂಶೋಧಕನ ಕೆಲಸ ಕಾಯಂ. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರನಾಗಿದ್ದ ಈ ಪುಣ್ಯಾತ್ಮನಿಗೆ ಪ್ರಯೋಗಾಲಯದವರು 'ತಾತ್ಕಾಲಿಕ' ಎಂದೇ ಹೆಸರಿಟ್ಟಿದ್ದರು. "ಇವತ್ತು ಕಾಯಂ ಆಗ್ದೆ ಮನೆಗೆ ಬರ್ಬೇಡಿ" ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

"ನಿಂದೇ ಬೆರ್ತಿರ್ಬೇಕು. ಗ್ಲೌಸ್ ಹಾಕಿರ್ಲಿಲ್ವೇನಪ್ಪಾ?" ಪಕ್ಕದ ಮೇಜಿನ ಹಿರಿಯಕ್ಕ ಮೂರು ಕೋಣೆಗೆ ಕೇಳುವಷ್ಟು ಮೆಲ್ಲಗೆ ಕೇಳಿದಳು.

"ಎರಡೆರಡು ಜೊತೆ ಹಾಕಿದ್ದೆ ಅಕ್ಕಾ!"

"ಮೊನ್ನೆ ಸೀನ್ತಾ ಇದ್ದ, ನಾನೇ ನೋಡ್ದೆ" ಎಂದ ಉಗ್ರಾಣದವನು. ಉಗ್ರಾಣ ಬಿಟ್ಟು ಅವನಿಗೆ ಇಲ್ಲೇನು ಕೆಲಸ ಎಂದು ಯಾರೂ ಕೇಳಲಿಲ್ಲ.

ಸುದ್ದಿ ಮುಟ್ಟಿದ್ದೇ ತಡ, ನಿರ್ದೇಶಕರು ಧಡಧಡ ಮೆಟ್ಟಿಲಿಳಿದು ಬಂದರು. "ಎಲ್ಲರೂ ಎಂಜಲು ಕೊಡಿ! ಆ ಜೀನ್ ಯಾರ್ದು ಅಂತ ಪರೀಕ್ಷೆ ಆಗ್ಲಿ. ಅವ್ನನ್ನ ಇವತ್ತೇ ಮನೆಗೆ ಕಳಿಸ್ತೀನಿ. ನಂದೂ ತಗೋ. ನ್ಯಾಯ ಅಂದ್ರೆ ಎಲ್ಲರಿಗೂ ಒಂದೇ!"

ತಾತ್ಕಾಲಿಕನ ಬಾಯಿ ಒಣಗಿ ಎಂಜಲೇ ಬರಲಿಲ್ಲ. "ಅಲ್ಲೇ ಗೊತ್ತಾಗಲ್ವಾ" ಎಂದಳು ಹಿರಿಯಕ್ಕ.

ಐದಕ್ಕೆ ಫಲಿತಾಂಶ ಬಂತು. ಅವನು ಓದಿದ, ಕಣ್ಣುಜ್ಜಿಕೊಂಡು ಮತ್ತೆ ಓದಿದ. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಸರ್, ನಂದಲ್ಲ! ನಿಮ್ದು! ಹೋದ ವಾರ ಫೋಟೋಗೆ ಅಂತ ಹಾವಿನ ಸ್ಯಾಂಪಲ್ ಕೊಳವೆ ಮುಚ್ಚಳ ತೆಗ್ದು, ಬರಿಗೈಲಿ ಹಿಡ್ಕೊಂಡು ಭಾಷಣ ಮಾಡಿದ್ರಲ್ಲ, ಆಗ ನಿಮ್ಮ ಎಂಜಲು ಒಳಗೆ ಬಿದ್ದಿದೆ!"

ನಿರ್ದೇಶಕರು ಕಾಗದವನ್ನು ತಿರುವಿ ಹಾಕಿ ನೋಡಿದರು. "ಅಂದ್ರೆ ಹೆಪ್ಪು ಕರಗಿಸೋ ಕಿಣ್ವದ ಜೀನ್ ನನ್ನಲ್ಲೇ ಇದೆ?"

"ಅಂಥದ್ದು ಎಲ್ಲಾ ಮನುಷ್ಯರಲ್ಲೂ ಒಂದು ಇರುತ್ತೆ ಸರ್..."

"ಬೇರೆಯವ್ರ ಮಾತು ಬಿಡಯ್ಯಾ! ನನ್ನಲ್ಲಿ ಇದೆಯೋ ಇಲ್ವೋ?"

"ಇದೆ ಸರ್."

"ಹಾವಿನ ವಿಷದಲ್ಲಿರೋದು ನಿಮ್ಮಲ್ಲೂ ಇದೆ ಅಂತ ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಸರ್" ಎಂದಳು ಹಿರಿಯಕ್ಕ, ಭಕ್ತಿಯಿಂದ.

ನಿರ್ದೇಶಕರ ಎದೆ ಉಬ್ಬಿತು. ಪತ್ರಿಕೆಯವರಿಗೆ ಫೋನು ಹೋಯಿತು. ಹಾರ ತರಲು ಉಗ್ರಾಣದವನು ಓಡಿದ. ಗದ್ದಲ ಸ್ವಲ್ಪ ತಣ್ಣಗಾದ ಮೇಲೆ ತಾತ್ಕಾಲಿಕ ಮೆಲ್ಲಗೆ ಕೆಮ್ಮಿದ.

"ಸರ್, ನನ್ನ ಕಾಯಂ ಆರ್ಡರು?"

"ಯಾವ ಕಾಯಂ? ನಿನ್ನ ತಗೊಂಡಿದ್ದು ಹಾವಿನ ಕೆಲಸಕ್ಕೆ" ಎಂದರು ನಿರ್ದೇಶಕರು, ಫೋಟೋಗೆ ಕೂದಲು ಬಾಚಿಕೊಳ್ಳುತ್ತಾ. "ನಾನೇ ಇರೋವಾಗ ಇನ್ನು ಹಾವು ಯಾಕಯ್ಯಾ?"