ಮಾವನ ಸರೋವರದಂಚಿನ ಮನೆ

ದುಬೈಯಲ್ಲಿ ಸರೋವರದಂಚಿಗೆ ಮನೆಯಿರುವ ಸ್ಟೋರ್ ಕೀಪರ್ ನನ್ನ ಮಾವ ಒಬ್ಬರೇ! ನಗಬೇಡಿ. ಅದನ್ನು ನಂಬಿ, ರಜೆಯ ದಿನ ಕಾರು ತೆಗೆದು ನೋಡಲು ಹೊರಟ ದಡ್ಡ ಈ ಅಳಿಯನೇ.

ದಾರಿಗೆಂದು ಮಾವ ಹಿಡಿದದ್ದು ಫೋನಲ್ಲ. ಎಣ್ಣೆಯ ದುಡ್ಡು ಉಕ್ಕಿದ ಕಾಲದಲ್ಲಿ ಸೈಟು ಮಾರುವವರು, ಮುಂದೆ ಕಟ್ಟುವ ಬಡಾವಣೆಯದೆಂದು ಪುಕ್ಕಟೆ ಹಂಚಿದ ಬಣ್ಣದ ನಕ್ಷೆ. ಮರಳಿರಬೇಕಾದಲ್ಲೆಲ್ಲ ಹಸಿರು, ನಡುವೆ ನೀಲಿ ಸರೋವರ, ದಡದಲ್ಲಿ ಸಾಲು ವಿಲ್ಲಾಗಳು. ಒಂದರ ಸುತ್ತ ಕೆಂಪು ಶಾಯಿಯ ಗೆರೆ: ‘ನಮ್ಮದು’.

“ಲೆಫ್ಟ್ ತಗೊ ಮಾರಾಯ, ಈಗ ಸರೋವರ ಬರ್ತದೆ.”

“ಮಾವ, ಬಂದದ್ದು ಟಯರ್ ಅಂಗಡಿ!”

“ಹಾಗಾದ್ರೆ ಅದರ ಹಿಂದೆ ಉಂಟು.”

ರಾಸ್ ಅಲ್ ಖೋರಿನ ಗ್ಯಾರೇಜುಗಳ ನಡುವೆ ನಾವು ಗಿರಕಿ ಹೊಡೆಯುವುದನ್ನು ಕಂಡು ಮೆಕ್ಯಾನಿಕ್ ಒಬ್ಬ ಓಡಿ ಬಂದು, ಗಾಡಿಗೆ ಏನಾಗಿದೆ ಎಂದು ವಿಚಾರಿಸಿದ. ಪಾಪ, ಗಾಡಿ ಚೆನ್ನಾಗಿಯೇ ಇತ್ತು!

ಮಾವನ ಹತ್ತಿರ ಇಂಥ ನಕ್ಷೆಗಳ ದಪ್ಪ ಸುರುಳಿಯೇ ಇದೆ, ದುಬೈಯವು, ಅಬುಧಾಬಿಯವು. ಆ ಕಾಲಕ್ಕೆ ಅವರ ಕೋಣೆಯಲ್ಲಿ ಎಂಟು ಜನ ‘ಬ್ಯಾಚುಲರ್’ಗಳು, ಎಲ್ಲರಿಗೂ ಊರಲ್ಲಿ ಹೆಂಡತಿ! ಡ್ಯೂಟಿ ಮುಗಿದ ಮೇಲೆ ಇಸ್ತ್ರಿ ಅಂಗಿ ತೊಟ್ಟು ಸೈಟು ಮಾರುವ ಆಫೀಸಿಗೆ ಹೋದರೆ ಎಸಿ ಪುಕ್ಕಟೆ, ಚಹಾ ಪುಕ್ಕಟೆ, ನಕ್ಷೆಯೂ ಪುಕ್ಕಟೆ. ತಮ್ಮಂಥವರಿಗೆ ಅಲ್ಲಿ ಸೈಟು ಮಾರುವುದೇ ಇಲ್ಲ ಎಂಬುದು ಮಾವನಿಗೆ ಚೆನ್ನಾಗಿ ಗೊತ್ತು. ಆದರೂ ಮುಖ ಕಿವುಚಿ, “ಪೂರ್ವ ದಿಕ್ಕಿಗೆ ಬಾಗಿಲು ಇರುವಂಥದ್ದು ಇಲ್ವಾ?” ಎಂದು ಕೇಳುತ್ತಿದ್ದರಂತೆ!

ರಜೆಗೆ ಊರಿಗೆ ಹೋದಾಗ ನಕ್ಷೆಯೂ ಜತೆಗೆ ಹೋಗುತ್ತಿತ್ತು. ಅದರಲ್ಲಿನ ಈಜುಕೊಳದ ಪಕ್ಕ ಅತ್ತೆಯ ಪೆನ್ಸಿಲ್ ಅಕ್ಷರ ಈಗಲೂ ಇದೆ: ‘ತುಳಸಿಕಟ್ಟೆ’. ಗಾಲ್ಫ್ ಮೈದಾನದ ಮೇಲೆ: ‘ಹಪ್ಪಳ ಒಣಗಿಸಲು’.

ಮೊನ್ನೆ ಮಾವನ ವೀಸಾ ಕ್ಯಾನ್ಸಲ್ ಆಯಿತು, ಇನ್ನು ಊರೇ. ಕರೆದೊಯ್ಯಲು ಅತ್ತೆ ವಿಸಿಟ್ ವೀಸಾದಲ್ಲಿ ಬಂದಿದ್ದರು, ಮೊದಲ ಸಲ. ಕಾರ್ಟನ್ ತುಂಬಿ ತೂಗಿದರೆ ಭಾರ ಹೆಚ್ಚು. ಏನನ್ನು ತೆಗೆಯುವುದು? ನನ್ನ ಬಾಯಿ ಸುಮ್ಮನಿದ್ದೀತೇ? ನಕ್ಷೆಯ ಸುರುಳಿ ತೋರಿಸಿ ಸೈಟು ಮಾರುವವನ ದನಿ ತೆಗೆದೆ: “ಸರ್, ಇಷ್ಟು ದೊಡ್ಡ ವಿಲ್ಲಾ ವಿಮಾನದಲ್ಲಿ ಹಿಡಿಯುವುದಿಲ್ಲ!”

ಮಾವ ನಕ್ಕರು. ನಗುತ್ತಲೇ ಸುರುಳಿಯನ್ನು ಎಳೆದು ಬಾಗಿಲ ಬಳಿ ಇಟ್ಟರು.

“ಖಲಾಸ್. ಯಾರಿಗೆ ಬೇಕು ಈ ಹಳೆ ಕಾಗದ?”

ಆಮೇಲೆ ಅತ್ತ ನೋಡಲೇ ಇಲ್ಲ.

ಅತ್ತೆ ಎದ್ದರು. ತಮಗೆಂದು ಕೊಂಡ ಹೊಸ ಮಿಕ್ಸಿಯನ್ನು ಹೊರಗಿಟ್ಟು, ಆ ಜಾಗಕ್ಕೆ ಸುರುಳಿಯನ್ನು ತುರುಕಿದರು.

“ಸುಮ್ಮನಿರಿ ನೀವು. ನೀವಿಲ್ಲಿ ಎಂಟು ಜನರೊಟ್ಟಿಗೆ ಮಲಗಿದ ಅಷ್ಟೂ ವರ್ಷ ನಾನು ಇದ್ದದ್ದು ಈ ಮನೆಯಲ್ಲೇ ಅಲ್ವಾ?”