ಬಳ್ಳಿಯ ಅಕ್ಷರದೋಷ

ಇಲಿಗೆ ಯಾರ ಮೇಲೂ ಹಗೆಯಿರಲಿಲ್ಲ. ಹಸಿವಾಗಿತ್ತು, ಮಂಜೇಶನ ಲ್ಯಾಪ್‌ಟಾಪಿನ ಚಾರ್ಜರ್ ವೈರನ್ನು ಕಡಿಯಿತು. ಶಿವನ ಸಂಕಲ್ಪದಲ್ಲಿ ಇಲಿಯ ಹಲ್ಲಿಗೂ ಒಂದು ಕೆಲಸವಿರುತ್ತದೆ ಎನ್ನಬೇಕು.

ಮಂಜೇಶ ಒಂದು ಸಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆ ನೌಕರ. ಗಿಡದ ಎಲೆಯಿಂದ ತೆಗೆದ ಡಿಎನ್‌ಎ ಅವನ ಕೈಗೆ ಅಕ್ಷರಗಳಾಗಿ ಬರುತ್ತದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ, ಆದರೆ ಸಾಲುಗಟ್ಟಲೆ. ಅದನ್ನು ಸಾಫ್ಟ್‌ವೇರಿಗೆ ಹಾಕಿ, ಈ ಗಿಡಕ್ಕೂ ಆ ಗಿಡಕ್ಕೂ ಎಷ್ಟು ನಂಟು ಎಂದು ನೋಡುವುದು ಅವನ ಕೆಲಸ. ಮಾವ ಪರಮೇಶಪ್ಪನವರು ಇದನ್ನು ನೆಂಟರಿಗೆ ಹೇಳುವಾಗ, "ಅಳಿಯಂದ್ರು ಎಲೆ ಓದ್ತಾರೆ" ಎನ್ನುತ್ತಿದ್ದರು. ಮನೆಯಲ್ಲಿ ಯಾರಿಗೋ ವಾಸಿಯಾಗದ ಕಾಯಿಲೆಯಿದೆ ಎಂದು ಹೇಳುವ ದನಿಯಲ್ಲಿ.

ಆ ಮಾವನಿಗೇ ಈಗ ಎಲೆ ಓದಿಸುವ ಗರಜು ಬಂದಿತ್ತು. ಅವರ ತೋಟದಲ್ಲೊಂದು ಕಾಳುಮೆಣಸಿನ ಬಳ್ಳಿ, ಗೇಣುದ್ದದ ಗೊಂಚಲು ಬಿಡುವಂಥದು. ಅದಕ್ಕೆ ತಮ್ಮ ತಂದೆಯ ಹೆಸರಿಡಿಸಿ ಹೊಸ ತಳಿಯೆಂದು ನೋಂದಣಿ ಮಾಡಿಸಬೇಕೆಂದು ಅವರ ಆಸೆ. ಬೇಲಿಯಾಚೆಯ ಸಿದ್ದಣ್ಣನ ತೋಟದಲ್ಲೂ ಅಂಥದೇ ಬಳ್ಳಿಯಿತ್ತು, ಅವನಿಗೂ ಒಬ್ಬ ತಂದೆಯಿದ್ದರು. ಇಬ್ಬರೂ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದರು, ಯಾಕೆಂದು ಊರಿಗೆ ಗೊತ್ತಿರಲಿಲ್ಲ. ಬೆಳೆಗಾರರ ಸಂಘದವರು, ಎರಡು ಬಳ್ಳಿ ಬೇರೆಬೇರೆಯಾದರೆ ಎರಡು ಹೆಸರು, ಒಂದೇ ಆದರೆ ಮೂಲ ಯಾರ ಮನೆಯದೋ ಅವರ ಹೆಸರು ಎಂದು ತೀರ್ಮಾನಿಸಿ, ಎರಡರ ಎಲೆಯನ್ನೂ ಮಂಜೇಶನ ಕೇಂದ್ರಕ್ಕೆ ಪರೀಕ್ಷೆಗೆ ಕಳಿಸಿದ್ದರು. ಸಂಘದ ಸಭೆಯಲ್ಲಿ ಅವನು ಫಲಿತಾಂಶ ಹೇಳಬೇಕಾದದ್ದು ಆ ಸೋಮವಾರ ಸಂಜೆ ನಾಲ್ಕಕ್ಕೆ.

ಹೊರಡುವಾಗ ಹೆಂಡತಿ ಚಂದನಾ ಬಾಗಿಲಿಗೆ ಬಂದಳು. "ಇದೊಂದ್ ಕೆಲ್ಸನಾದ್ರೂ ಅಪ್ಪಾಜಿ ಒಪ್ಪೋ ಹಂಗೆ ಮಾಡ್ರಿ. ಹಬ್ಬಕ್ಕೆ ತೌರಿಗೆ ಹೋದ್ರೆ ಅವರು ನಿಮ್ಮ ಮಾತು ಬಂದಾಗೆಲ್ಲ ಎದ್ದು ಹಟ್ಟಿ ಕಡೆ ಹೋಗ್ತಾರೆ."

ಚಾರ್ಜರ್ ಇಲ್ಲದ ಮಂಜೇಶ ಸೋಮವಾರಪೇಟೆಯ ವೀಣಾಳ ಡಿಟಿಪಿ ಅಂಗಡಿಗೆ ಹೋದ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ತನ್ನ ಮೇಲ್‌ನಿಂದ ಎರಡು ಬಳ್ಳಿಯ ಫೈಲುಗಳನ್ನೂ ಇಳಿಸಿಡಲು ಹೇಳಿ ಅವನು ಎದುರಿನ ಹೋಟೆಲಿಗೆ ಕಾಫಿಗೆ ಹೋದ. ತರಬೇತಿಯಲ್ಲಿ ರಂಜಿತಾ ಮೇಡಂ ಮೂರು ಉಪದೇಶ ಕೊಟ್ಟಿದ್ದರು. ಸಾಲಿನ ಎರಡು ತುದಿಯ ಅಕ್ಷರಗಳನ್ನು ನಂಬಬೇಡ, ಹುರುಳಿಕಾಯಿಯ ತುದಿ ಮುರಿದ ಹಾಗೆ ತೆಗೆದುಬಿಡು. ಒಂದು ಸಾಲು ತಿರುಗುಮುರುಗಾಗಿ ಬಂದಿರಬಹುದು, ಹೋಲಿಸುವ ಮೊದಲು ನೆಟ್ಟಗೆ ಮಾಡಿಕೋ. ಮೂರನೆಯದು, ಮೂಲ ಫೈಲನ್ನು ಇನ್ನೊಬ್ಬರ ಕೈಗೆ ಕೊಡಬೇಡ. ಕಾಫಿ ಬಿಸಿಯಾಗಿತ್ತು; ಮೂರನೆಯದು ಅವನಿಗೆ ನೆನಪಾಗಲಿಲ್ಲ.

ಬಂದು ಕೂತು ತುದಿ ಕತ್ತರಿಸಿದ, ಸಾಲು ತಿರುಗಿಸಿದ, ಸಾಫ್ಟ್‌ವೇರಿನಲ್ಲಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದ. ನಲವತ್ತೊಂದು ಕಡೆ ವ್ಯತ್ಯಾಸ. ಬಳ್ಳಿಗಳು ಬೇರೆಬೇರೆ. ಫೋನಿನಲ್ಲಿ ಮಾವನಿಗೆ ಸುದ್ದಿ ಹೇಳುವಾಗ ಅವನ ದನಿ ಪರೀಕ್ಷೆ ಪಾಸಾದ ಹುಡುಗನ ದನಿಯಂತಿತ್ತು.

ಸಂತೆಗೆ ಬಂದಿದ್ದ ಪರಮೇಶಪ್ಪನವರು ಜೀಪು ನಿಲ್ಲಿಸಿ ಒಳಗೆ ಬಂದರು. ಅಕ್ಷರ ತೋರಿಸಿ ಎಂದರು. ವೀಣಾ ತನ್ನ ಕಂಪ್ಯೂಟರಿನಲ್ಲಿದ್ದದ್ದನ್ನು ಪ್ರಿಂಟ್ ತೆಗೆದು ಕೊಟ್ಟಳು. ಅವಳ ಕಂಪ್ಯೂಟರಿನಲ್ಲಿ ಏನು ತೆರೆದರೂ ಕನ್ನಡ ಫಾಂಟಿನಲ್ಲೇ ತೆರೆಯುವುದು. ಆ ಫಾಂಟಿನಲ್ಲಿ ಇಂಗ್ಲಿಷಿನ ಸಿ ಅಂದರೆ ಅ, ಜಿ ಅಂದರೆ ಉ, ಎ ಅಂದರೆ ಅನುಸ್ವಾರದ ಸೊನ್ನೆ. ಹಾಳೆಯ ತುಂಬ ಅಉಂ, ಅಉಂ ಎಂದು ಹರಿದಿತ್ತು. ಪರಮೇಶಪ್ಪನವರು ಚಪ್ಪಲಿ ಬಿಟ್ಟು ಕೈಮುಗಿದರು. ಅರ್ಧ ಗಂಟೆಯಲ್ಲಿ ಮೆಣಸಿನೊಳಗೆ ಓಂಕಾರ ಮೂಡಿದ ಸುದ್ದಿ ಸಂತೆಯ ಟೊಮೆಟೊ ಸಾಲಿನಿಂದ ಒಣಮೀನಿನ ಸಾಲಿನವರೆಗೂ ಹೋಯಿತು. ಕೈಮುಗಿಯಲು ಬಂದವರಲ್ಲಿ ಒಬ್ಬಾಕೆ ಹಾಳೆಗೆ ಕುಂಕುಮವನ್ನೂ ಹಚ್ಚಿದಳು. ಗುಂಪಿನ ಹಿಂದೆ ನಿಂತಿದ್ದ ಸಿದ್ದಣ್ಣನೂ ಬಳ್ಳಿಗಳು ಬೇರೆ ಎಂಬುದನ್ನು ಕೇಳಿ ದೊಡ್ಡ ಉಸಿರು ಬಿಟ್ಟ.

ಮಂಜೇಶನಿಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಿತ್ತು. ಮಾವನ ಬಳ್ಳಿಯ ಸಾಲು ಸಿದ್ದಣ್ಣನದಕ್ಕಿಂತ ಸರಿಯಾಗಿ ನಲವತ್ತೊಂದು ಅಕ್ಷರ ಗಿಡ್ಡವಾಗಿತ್ತು. ಕಳೆದುಹೋದದ್ದೆಲ್ಲ ಎ. ಫೈಲು ಮುಟ್ಟಿದೆಯಾ ಎಂದು ವೀಣಾಳನ್ನು ಕೇಳಿದ.

"ಮುಟ್ಟದೆ ಇರಕ್ಕಾಗುತ್ತಾ ಸಾರ್? ಸೊನ್ನೆ ಮುಂದೆ ಸೊನ್ನೆ, ಒಂದೊಂದ್ ಕಡೆ ನಾಲ್ಕ್ ನಾಲ್ಕು. ಯಾರೋ ನಿದ್ದೆಗಣ್ಣಲ್ಲಿ ಟೈಪ್ ಮಾಡಿದಾರೆ. ಹೆಚ್ಚಿಗೆದೆಲ್ಲ ತೆಗ್ದೆ. ನಡುನಡುವೆ ಒಂದು ಓದಕ್ಕಾಗದ ಗುರುತಿತ್ತು, ಹಳಗನ್ನಡ ಇರ್ಬೇಕು ಅಂತ ಬಿಟ್ಟೆ. ಇನ್ನೊಂದ್ ಫೈಲ್ ತಿದ್ದೋಷ್ಟರಲ್ಲಿ ನಾಮಕರಣದ ಕಾರ್ಡಿನೋರು ಬಂದ್ಬಿಟ್ರು."

ಮಂಜೇಶ ಮೇಲ್ ತೆರೆದು ಫೈಲುಗಳನ್ನು ಮತ್ತೆ ಇಳಿಸಿಕೊಂಡ. ಈ ಸಲ ಮೂರು ಉಪದೇಶವನ್ನೂ ಪಾಲಿಸಿದ. ಎರಡು ಸಾಲುಗಳೂ ಒಂದರ ಮೇಲೊಂದು ಕೂತವು. ಒಂದಕ್ಷರದ ವ್ಯತ್ಯಾಸವಿಲ್ಲ.

ನಿಜ ಹೇಳದೆ ಅನ್ನ ಇಳಿಯುವ ಜಾತಿಯವನಲ್ಲ ಅವನು. ಮಾವನನ್ನು ಜೀಪಿನ ಮರೆಗೆ ಕರೆದು ಮೆಲ್ಲಗೆ ತಿಳಿಸಿದ. ಬೈಗಳಿಗೆ ತಲೆತಗ್ಗಿಸಿಯೂ ನಿಂತ. ಪರಮೇಶಪ್ಪನವರು ಬೈಯಲಿಲ್ಲ. ಸುತ್ತ ನೋಡಿ, "ಒಂದೇ ಅಂತ ನಂಗೊತ್ತಿಲ್ವಾ ಅಳಿಯಂದ್ರೆ?" ಎಂದರು. "ನಮ್ಮಪ್ಪ ಒಂದು ಮಳೆಗಾಲ ಬೇಲಿ ದಾಟಿ ಆ ಕುಡಿ ತಂದು ನೆಟ್ಟಿದ್ದು, ಸಾಯೋಕ್ ಮುಂಚೆ ನಂಗೊಬ್ಬನಿಗೆ ಹೇಳಿದ್ದು. ಅವತ್ತಿಂದ ಸಿದ್ದಣ್ಣನ ಮುಖ ನೋಡಕ್ಕಾಗಿಲ್ಲ. ಬೇರೆ ಅಂತ ಬರೀರಿ ಅಂತಲೇ ಅಲ್ವಾ ನಿಮ್ಮ ಕೈಗೆ ಕೊಟ್ಟಿದ್ದು." ಅಳಿಯನ ಕೈಯನ್ನು ಅವನ ಕೊರಳಿನ ಲಿಂಗಕ್ಕೆ ಮುಟ್ಟಿಸಿ, ಈ ಕಳವಿನ ಮಾತು ಹೊರಗೆ ಹೋಗಬಾರದೆಂದು ಭಾಷೆ ತೆಗೆದುಕೊಂಡರು.

ಬೆವರು ಒರೆಸಿಕೊಳ್ಳುತ್ತ ಬಾಳೆಹಣ್ಣಿನಂಗಡಿ ದಾಟುವಾಗ ಸಿದ್ದಣ್ಣ ತೋಳು ಹಿಡಿದು ಎಳೆದ. ಬಳ್ಳಿ ಬೇರೆ ಅನ್ನೋದು ಗಟ್ಟಿಯಾ ಎಂದು ಕೇಳಿದ. ಮಂಜೇಶನ ಮುಖದಲ್ಲೇ ಉತ್ತರ ಸಿಕ್ಕಿತು.

"ಮಂಜೇಶಪ್ಪ, ಯಾರಿಗೂ ಹೇಳ್ಬೇಡ. ನಮ್ಮಪ್ಪಯ್ಯ ಆ ಕುಡೀನ ನಿಮ್ ಮಾವನ ತೋಟದಿಂದ ಕದ್ದಿದ್ದು ಕಣಪ್ಪ. ಅದಕ್ಕೇ ನಾನು ಪರಮೇಶಣ್ಣನ ಕಂಡ್ರೆ ಬೇರೆ ದಾರಿ ಹಿಡಿಯೋದು." ಅವನೂ ಲಿಂಗ ಮುಟ್ಟಿಸಿ ಭಾಷೆ ತೆಗೆದುಕೊಂಡ.

ಇವರು ಅವರಿಂದ, ಅವರು ಇವರಿಂದ ಕದ್ದರೆ ಮೊದಲು ನೆಟ್ಟವನು ದೇವರೇ ಇರಬೇಕು ಎಂದುಕೊಳ್ಳುತ್ತ ಮಂಜೇಶ ಸಂಘದ ಮೆಟ್ಟಿಲು ಹತ್ತಿದ. ಜೇಬಿನಲ್ಲಿ ಎರಡು ಹಾಳೆ, ಕುಂಕುಮ ಹಚ್ಚಿದ್ದೊಂದು, ಆಮೇಲೆ ತೆಗೆಸಿದ ಸರಿಯಾದದ್ದೊಂದು. ಕುಂಕುಮದ ಹಾಳೆ ಓದಿದರೆ ಎಲ್ಲರಿಗೂ ಸಂತೋಷ. ಮುಚ್ಚಿಡುತ್ತೇನೆಂದು ಅವನು ಲಿಂಗ ಮುಟ್ಟಿ ಹೇಳಿದ್ದು ಕಳವನ್ನು. ಸುಳ್ಳು ಹೇಳುತ್ತೇನೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಎದ್ದುನಿಂತು, ಎರಡೂ ಒಂದೇ ಬಳ್ಳಿ, ಬೆಳಗ್ಗೆ ಹೇಳಿದ್ದು ಅಕ್ಷರದೋಷ ಎಂದುಬಿಟ್ಟ.

ಹಾಗಾದರೆ ಮೂಲ ಯಾರ ಮನೆಯದು ಎಂದು ಕಾರ್ಯದರ್ಶಿ ಪೆನ್ನು ತೆರೆದರು. ಪರಮೇಶಪ್ಪನವರು ಹೆಂಚು ನೋಡಿದರು. ಸಿದ್ದಣ್ಣ ನೆಲ ನೋಡಿದ.

"ಬೆಳಗ್ಗೆ ಬೇರೆ ಅಂತು, ಈಗ ಒಂದೇ ಅಂತದೆ," ಎಂದರು ಕೊನೆಗೆ ಪರಮೇಶಪ್ಪನವರು. "ಆ ಮಿಷನ್ನು ನಂಬೋ ಹಂಗಿಲ್ಲ."

ಇಪ್ಪತ್ತು ವರ್ಷದ ಮೇಲೆ ಸಿದ್ದಣ್ಣ ಅವರ ಕಡೆ ತಿರುಗಿದ. "ಮಿಷನ್ ಏನ್ ಮಾಡುತ್ತೆ ಪರಮೇಶಣ್ಣ? ಓದೋರಿಗೆ ಓದಕ್ಕೆ ಬರ್ಬೇಕಲ್ಲ."

"ಅದೇ ನಾನೂ ಹೇಳೋದು."

ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಪರೀಕ್ಷೆಯನ್ನು ಪರಿಗಣಿಸತಕ್ಕದ್ದಲ್ಲವೆಂದೂ, ಹಿರಿಯರಿಬ್ಬರ ಒಮ್ಮತದ ಮೇರೆಗೆ ಬಳ್ಳಿಗಳು ಬೇರೆಬೇರೆಯೆಂದೂ, ಇನ್ನು ಮುಂದೆ ಎಲೆಗಳನ್ನು ಬೇರೆ ಯಾರಿಗಾದರೂ ಓದಲು ಕೊಡತಕ್ಕದ್ದೆಂದೂ ಕಾರ್ಯದರ್ಶಿ ಠರಾವು ಬರೆದು, ಸಭೆಯ ಸಾಕ್ಷಿಗೆ ಮಂಜೇಶನಿಂದಲೇ ರುಜು ಹಾಕಿಸಿದರು.

ಹೊರಗೆ ಬಂದಾಗ ಸಿದ್ದಣ್ಣ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಪರಮೇಶಪ್ಪನವರಿಗೆ ಎಲೆಗೆ ಸುಣ್ಣ ಹಚ್ಚಿ ಕೊಡುತ್ತಿದ್ದ. ಮಂಜೇಶ ಹತ್ತಿರ ಹೋದ.

"ಅಳಿಯಂದ್ರೆ, ನೀವು ಬಸ್ಸಲ್ಲಿ ಬನ್ನಿ. ಜಾಗ ಇಲ್ಲ," ಎಂದರು ಮಾವ.

ಹಿಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿ ಕಾಲು ಚಾಚಿದಂತೆ ಒರಗಿ ಕೂತಿತ್ತು.